ಸುಮಿತ್ರಾಬಾಯಿ ಕೇಳದೆ ಬಿಟ್ಟ ಮಾತು

ತೆಲಂಗಾಣದ ಗಡಿಯ ಮನೂರಿನಿಂದ ಷೇರ್ ಆಟೊದಲ್ಲಿ ಕಾಲು ಗಂಟೆ ಒಳಗೆ ಹೋದರೆ ಸಿಗುವ ಊರಿನಲ್ಲಿ ಸುಮಿತ್ರಾಬಾಯಿ ಇಪ್ಪತ್ತೊಂಬತ್ತು ವರ್ಷ ಅಂಗನವಾಡಿ ನಡೆಸಿದಳು. ಮಕ್ಕಳಿಗೆ ತೆಲುಗಿನಲ್ಲಿ ಹಾಡು ಕಲಿಸುತ್ತಿದ್ದಳು, ಗದ್ದಲ ಮಾಡಿದರೆ ಕನ್ನಡದಲ್ಲಿ ಬೈಯುತ್ತಿದ್ದಳು, ತಡವಾಗಿ ಬರುವ ತಾಯಂದಿರನ್ನು ಅವರವರ ಭಾಷೆಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಲಿಂಗ ಕಟ್ಟಿದ ಮನೆತನ, ಮೊಟ್ಟೆ ಮುಟ್ಟುವಂತಿರಲಿಲ್ಲ. ಆದರೂ ಮಕ್ಕಳ ಹೊಟ್ಟೆಗೆ ಹೋಗಬೇಕಾದದ್ದು ಹೋಗಲಿ ಎಂದು ತಾನೇ ಸಿಪ್ಪೆ ಬಿಡಿಸಿ ಕೊಡುತ್ತಿದ್ದಳು, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂಡುತ್ತಿದ್ದಳು. ಹದಿನಾಲ್ಕು ತುಂಬದ ಹುಡುಗಿಯರ ಮೂರು ಮದುವೆಗಳನ್ನು ಆಕೆ ನಿಲ್ಲಿಸಿದ್ದಳು. ಒಂದನ್ನಂತೂ ಅಕ್ಷತೆ ಬೀಳುವ ಹೊತ್ತಿಗೆ ಪೊಲೀಸರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದಳು.

ಊರಿಗೆ ಆಕೆಯೆಂದರೆ ಭಯ, ಭಯದಷ್ಟೇ ಗೌರವ. ಯಾರ ಮನೆಗೆ ಹೆಣ್ಣು ಕೊಡಬಹುದು, ಯಾರ ಮನೆಗೆ ಬೇಡ ಎಂದು ಬೇರೆ ಊರಿನವರು ಬಂದು ಮೊದಲು ಆಕೆಯ ಹತ್ತಿರವೇ ವಿಚಾರಿಸುತ್ತಿದ್ದರು. "ತಪ್ಪು ಅಂದ್ರ ತಪ್ಪರೀ. ಈ ಕಡಿಂದ ನೋಡಿದ್ರೂ ಅದೇ, ಆ ಕಡಿಂದ ನೋಡಿದ್ರೂ ಅದೇ," ಎನ್ನುತ್ತಿದ್ದಳು. ಹಾಗೆ ಹೇಳುವಾಗ ಆಕೆಗೆ ಯಾವ ಅನುಮಾನವೂ ಇರುತ್ತಿರಲಿಲ್ಲ.

ತೆಲಂಗಾಣ ಬೇರೆಯಾದ ಮರುವರ್ಷದ ಮಳೆಗಾಲ ಅದು. ಮಕ್ಕಳ ಲೆಕ್ಕ ಬರೆದುಕೊಳ್ಳಲು ಸುಮಿತ್ರಾಬಾಯಿ ಮನೆಮನೆ ತಿರುಗುತ್ತಿದ್ದಳು. ಊರಂಚಿನಲ್ಲಿ ಕುರಿ ಸಾಕುವ ಪೀರಪ್ಪನ ಮನೆ. ಪೀರಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಬೀದರ ಕಡೆ ಹೋಗುತ್ತಿದ್ದ. ಹೆಂಡತಿ ಅಮೃತಬಾಯಿ ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಅವರ ಮಗಳು ಶಿರೀಷಾ ಅಂಗನವಾಡಿಯಲ್ಲೇ ಇರುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಹೊರಳಬೇಕೆನ್ನುವಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದಂತಾಯಿತು. ಕಿಟಕಿಗೆ ಮುಖ ಹಚ್ಚಿ ನೋಡಿದಳು.

ಪೀರಪ್ಪನ ತಾಯಿ ಭೂದೇವಿ ನೆಲದ ಮೇಲೆ ಕುಳಿತಿದ್ದಳು. ಮುದುಕಿಯ ಪಾದದ ಮೇಲ್ಗಡೆ ಹಳೆಯ ಸೀರೆಯ ಪಟ್ಟಿಯೊಂದು ಸುತ್ತಿತ್ತು, ಅದರ ಇನ್ನೊಂದು ತುದಿ ಮನೆಯ ಕಂಬಕ್ಕೆ. ಕೈಗೆಟಕುವಂತೆ ಒಂದು ತಂಬಿಗೆ ನೀರು, ಒಂದು ರೊಟ್ಟಿ. ಸೀರೆ ಒದ್ದೆಯಾಗಿತ್ತು, ಮೂತ್ರದ ವಾಸನೆ ಕಿಟಕಿಯವರೆಗೂ ಬರುತ್ತಿತ್ತು.

"ಕುರಿ ಬಂದ್ವೇನವ್ವಾ?" ಎಂದಳು ಭೂದೇವಿ.

ಸುಮಿತ್ರಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ಚಿಲಕ ತೆಗೆದು ಒಳಗೆ ಹೋದಳು, ಫೋನಿನಲ್ಲಿ ಎರಡು ಫೋಟೊ ತೆಗೆದಳು, ಆಮೇಲೆ ಗಂಟು ಬಿಚ್ಚಿದಳು. ಬಿಚ್ಚುವಾಗ ಆ ಪಟ್ಟಿಯ ಕೆಳಗೆ ಕಾಲಿಗೆ ಗಾಯವಾಗದಂತೆ ಮೆತ್ತಗಿನ ಅರಿವೆಯೊಂದನ್ನು ಸುತ್ತಿದ್ದು ಕೈಗೆ ಸಿಕ್ಕಿತು. ಆಗ ಅದು ಆಕೆಗೆ ಏನನ್ನೂ ಹೇಳಲಿಲ್ಲ.

ಮುದುಕಿಯನ್ನು ಅಂಗನವಾಡಿಗೆ ಕರೆದೊಯ್ದು ಮೈ ಒರೆಸಿ, ತನ್ನದೇ ಒಂದು ಸೀರೆ ಉಡಿಸಿ, ಅನ್ನ ಉಣ್ಣಿಸಿದಳು. ಸುದ್ದಿ ತಿಳಿದು ಹೆಂಗಸರೆಲ್ಲ ಬಂದು ಸೇರಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಮೃತಬಾಯಿ ಓಡಿಕೊಂಡು ಬಂದಳು. ಮನೆಗೆ ಹೋಗಿ ಖಾಲಿ ಕಂಬ ನೋಡಿ ಬಂದಿದ್ದಳೆಂದು ಮುಖವೇ ಹೇಳುತ್ತಿತ್ತು. ಸೀರೆಯ ಅಂಚಿಗೆ ಹೊಲದ ಕೆಸರು ಮೆತ್ತಿತ್ತು.

"ಟೀಚರಮ್ಮಾ, ನಮ್ಮ ಅತ್ತಿ..."

"ಅತ್ತಿ ಅನ್ನಾಕ ನಾಚಿಗಿ ಬರಂಗಿಲ್ಲೇನ ನಿಂಗ? ದನಾ ಕಟ್ಟಿದಂಗ ಕಟ್ಟೀದಿ! ದನಕ್ಕರ ಮೇವು ಹಾಕಿ, ಮೈ ತಿಕ್ಕತಾರ."

"ಹಂಗಲ್ರೀ, ಒಂದ್ ಮಾತ್ ಕೇಳ್ರಿ..."

"ಬಾಯಿ ಮುಚ್ಚು. ಕೇಳೋದೇನದ? ಕಣ್ಣಾರೆ ನೋಡೀನಿ."

ಅಮೃತಬಾಯಿ ಬಾಯಿ ಮುಚ್ಚಿದಳು. ಅಷ್ಟು ಜನ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತಳು. ತಪ್ಪು ಮಾಡಿದವರು ಹೀಗೆಯೇ ನಿಲ್ಲುವುದು ಎಂದು ಸುಮಿತ್ರಾಬಾಯಿ ಅಂದುಕೊಂಡಳು.

ಅಂದು ಸಂಜೆ ಗಂಡ ವೈಜಿನಾಥನಿಗೆ ಎಲ್ಲವನ್ನೂ ಹೇಳಿದಳು. ಆತ ನಾರಾಯಣಖೇಡದ ದನದ ದವಾಖಾನೆಯಲ್ಲಿ ಕಂಪೌಂಡರ್. ಕುರಿಗಳಿಗೆ ಸೂಜಿ ಹಾಕಲು ಊರೂರು ತಿರುಗಿ ಕುರಿಯವರ ಮನೆಗಳನ್ನೆಲ್ಲ ಬಲ್ಲವನು. ಕೇಳಿಸಿಕೊಂಡು, ರೊಟ್ಟಿ ಮುರಿಯುತ್ತ, "ಯಾಕ ಕಟ್ಟಿದ್ಳು ಅಂತ ಕೇಳ್ದೇನು?" ಎಂದ.

"ಯಾಕಾದ್ರೂ ಇರ್ಲಿ. ಮನಿಷ್ಯಾನ್ನ ಕಟ್ಟಬಹುದೇನ್ರಿ?"

"ಕಟ್ಟಬಾರದು ಖರೆ. ಆದ್ರೂ ಕೇಳ್ಬೇಕಿತ್ತು."

"ನೀವು ಬರೇ ಕುರಿ ಮುಖಾ ನೋಡಿದವರು, ನಿಮಗ ಹೆಂಗಸರ ಆಟ ತಿಳಿಯಂಗಿಲ್ಲ," ಎಂದು ಸುಮಿತ್ರಾಬಾಯಿ ಮಾತು ಮುಗಿಸಿದಳು. ವೈಜಿನಾಥ ಉಂಡು ಎದ್ದ.

ಮರುದಿನ ಪಂಚಾಯತಿ ಕೂಡಿತು. ಪೀರಪ್ಪನಿಗೆ ಫೋನು ಹಚ್ಚಿದರು. ಗಾಳಿಯ ಸದ್ದಿನ ನಡುವೆ ಆತ, ಹಿರಿಯರು ಹೇಳಿದಂಗ ಆಗ್ಲಿ ಎಂದ. ತಾಂಡೂರಿನ ಹತ್ತಿರ ಕರಣಕೋಟದಲ್ಲಿದ್ದ ಭೂದೇವಿಯ ಮಗಳು ಬೀರಮ್ಮನನ್ನು ಕರೆಸಿದರು. ಆಕೆ ಫೋಟೊ ನೋಡಿ ಎದೆ ಬಡಿದುಕೊಂಡಳು. ನಾದಿನಿಯ ಹಾಗೆ ಅಲ್ಲ, ವೈರಿಯ ಹಾಗೆ ಅಮೃತಬಾಯಿಗೆ ಶಾಪ ಹಾಕಿದಳು. ನಮ್ಮವ್ವನ್ನ ನಾನೇ ನೋಡಿಕೊಳ್ಳತೀನಿ ಎಂದು ಕೈಹಿಡಿದು ಕರೆದೊಯ್ದಳು. ಬಸ್ಸಿನ ಕಿಟಕಿಯಲ್ಲಿ ಕುಳಿತ ಭೂದೇವಿ ಹೊರಗೆ ನಿಂತ ಸೊಸೆಯನ್ನು ನೋಡಿ ಕೈಬೀಸಿ ಕರೆಯುತ್ತಿದ್ದಳು. ಅಮೃತಬಾಯಿ ಹತ್ತಿರ ಹೋಗಲಿಲ್ಲ.

ಆ ತಿಂಗಳ ಮೀಟಿಂಗಿನಲ್ಲಿ ಸೂಪರ್‌ವೈಸರ್ ಸುಮಿತ್ರಾಬಾಯಿಯನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದಳು.

ಹದಿನೇಳನೆಯ ದಿನ ಕರಣಕೋಟದಿಂದ ಸುದ್ದಿ ಬಂತು. ಬೆಳಿಗ್ಗೆ ಬೀರಮ್ಮ ನೀರು ಹಿಡಿಯಲು ನಳದ ಹತ್ತಿರ ಹೋದಾಗ ಮುದುಕಿ ಮನೆಯಿಂದ ಹೊರಟಿದ್ದಳು. ಕುರಿ ಕಂಡಿರಾ ಎಂದು ದಾರಿಯಲ್ಲಿ ಇಬ್ಬರನ್ನು ಕೇಳಿದ್ದಳಂತೆ. ಎರಡು ದಿನದ ಮೇಲೆ, ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯೊಂದರ ಮಳೆನೀರಿನಲ್ಲಿ ಸಿಕ್ಕಳು.

ಸುಮಿತ್ರಾಬಾಯಿ ಆ ದಿನ ಊಟ ಮಾಡಲಿಲ್ಲ. ಆದರೆ ನಾಲ್ಕು ದಿನ ಕಳೆಯುವುದರೊಳಗೆ ಅದಕ್ಕೂ ಒಂದು ತೀರ್ಪು ಸಿಕ್ಕಿತು. ಮಗಳು ಬೇಜವಾಬ್ದಾರಿ, ಹೊಟ್ಟೆಯಲ್ಲಿ ಹುಟ್ಟಿದವಳಾದರೂ ಕಣ್ಣಿಟ್ಟು ನೋಡಿಕೊಳ್ಳಲಿಲ್ಲ. ಕೇಳಿದವರಿಗೆಲ್ಲ ಹಾಗೇ ಹೇಳಿದಳು, ಊರೂ ಹಾಗೇ ಹೇಳಿತು. ಶಿರೀಷಾ ಅಂಗನವಾಡಿಗೆ ಬರುವುದು ನಿಂತಿತು. ಟೀಚರಮ್ಮ ಎದುರಿಗೆ ಬಂದರೆ ಅಮೃತಬಾಯಿ ಓಣಿ ಬದಲಿಸುತ್ತಿದ್ದಳು. ಮುಖ ತೋರಿಸಲು ಆಗದು, ಪಾಪ ಎಂದು ಸುಮಿತ್ರಾಬಾಯಿ ಮನಸ್ಸಿನಲ್ಲೇ ಆಕೆಯನ್ನು ಕ್ಷಮಿಸಿಯೂ ಬಿಟ್ಟಿದ್ದಳು.

ವರ್ಷಗಳು ಕಳೆದವು. ಮೊದಲು ವೈಜಿನಾಥ ರಿಟೈರಾದ, ಆಮೇಲೆ ಸುಮಿತ್ರಾಬಾಯಿ. ಮಗ ಬಸವಕಿರಣ ಜಹೀರಾಬಾದಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಸೊಸೆ ಭುವನೇಶ್ವರಿ ಅಲ್ಲಿಯೇ ಶಾಲೆಯಲ್ಲಿ ಕಲಿಸುತ್ತಿದ್ದಳು. ತಂದೆತಾಯಿಯನ್ನು ಅವರು ಕರೆಸಿಕೊಂಡರು. ಹೆದ್ದಾರಿಗೆ ಎರಡು ಓಣಿ ಈಚೆ ಮನೆ. ಹಗಲೆಲ್ಲ ಮುಂಬೈ ಕಡೆಯ ಲಾರಿಗಳ ಸದ್ದು ಕೇಳುತ್ತಿತ್ತು.

ಅಲ್ಲಿಗೆ ಬಂದ ಎರಡನೆಯ ವರ್ಷ ವೈಜಿನಾಥನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಮೊಮ್ಮಗಳ ಹೆಸರು, ಆಮೇಲೆ ತಾನು ರಿಟೈರಾದದ್ದು. ಬೆಳಿಗ್ಗೆ ಹತ್ತಾದರೆ ಸಾಕು, ಬಿಳಿ ಅಂಗಿ ಹಾಕಿಕೊಂಡು ದವಾಖಾನೆಗೆ ಹೊತ್ತಾತು ಎಂದು ಹೊರಟುಬಿಡುತ್ತಿದ್ದ. ಒಮ್ಮೆ ರೈಲ್ವೆ ಗೇಟಿನ ಹತ್ತಿರ ಸಿಕ್ಕ. ಇನ್ನೊಮ್ಮೆ ಹೆದ್ದಾರಿಯ ನಟ್ಟನಡುವೆ ನಿಂತವನನ್ನು ಒಬ್ಬ ಲಾರಿ ಡ್ರೈವರ್ ಕೈಹಿಡಿದು ಬದಿಗೆ ತಂದಿದ್ದ. ಗೇಟಿಗೆ ಕೀಲಿ ಹಾಕಿದರೆ ಕಂಪೌಂಡ್ ಹತ್ತಿ ಬಿದ್ದು ಹಣೆ ಒಡೆದುಕೊಂಡ. ಅಂಗಿಯ ಜೇಬಿನಲ್ಲಿ ವಿಳಾಸದ ಚೀಟಿ ಇಟ್ಟರೆ ತೆಗೆದು ಎಸೆಯುತ್ತಿದ್ದ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಸುಮಿತ್ರಾಬಾಯಿ ಒಬ್ಬಳೇ. ಆಕೆಗೂ ಅರವತ್ತೈದು ದಾಟಿತ್ತು, ಮೊಣಕಾಲು ನೋವು. ಸ್ನಾನಕ್ಕೆ ಹೋಗಬೇಕಾದರೂ ಬಾಗಿಲು ತೆರೆದಿಟ್ಟು ಹೋಗುತ್ತಿದ್ದಳು.

ಒಂದು ದಿನ ಆಕೆಗೆ ಜ್ವರ. ಕಣ್ಣು ತೆರೆದು ಕೂಡಲೂ ಆಗುತ್ತಿರಲಿಲ್ಲ. ಅಂಗಿ ಹಾಕಿಕೊಂಡು ಬಾಗಿಲಿನ ಹತ್ತಿರ ನಿಂತಿದ್ದ ಗಂಡನನ್ನು ಕರೆದು ಕುರ್ಚಿಯಲ್ಲಿ ಕೂಡಿಸಿ, ಸೊಸೆಯ ಹಳೆಯ ವೇಲಿನಿಂದ ಕೈಯನ್ನು ಕುರ್ಚಿಯ ತೋಳಿಗೆ ಕಟ್ಟಿದಳು. ಬಿಗಿಯಾಗದಂತೆ ಕಟ್ಟಿದಳು, ಎರಡು ಬೆರಳು ಒಳಗೆ ಹಾಕಿ ನೋಡಿದಳು. ಕಟ್ಟುವಾಗ ವೈಜಿನಾಥ ಆಕೆಯ ಕೈಯನ್ನೇ ನೋಡುತ್ತಿದ್ದ. "ಸಿಟ್ಟಾಗೀದೇನು?" ಎಂದು ಮೆಲ್ಲಗೆ ಕೇಳಿದ. ಆಕೆ ಪಕ್ಕದಲ್ಲೇ ಚಾಪೆಯ ಮೇಲೆ ಬಿದ್ದುಕೊಂಡಳು.

ಎಷ್ಟು ಹೊತ್ತಾಗಿತ್ತೋ, ಎಚ್ಚರವಾದಾಗ ಕಿಟಕಿಯಲ್ಲಿ ಒಂದು ಮುಖವಿತ್ತು. ಪಕ್ಕದ ಮನೆಯ ಪ್ರೇಮಲಾ, ಕೈಯಲ್ಲಿ ಮೊಸರಿನ ಪಾತ್ರೆ. ಆಕೆ ಮೊದಲು ಕುರ್ಚಿ ನೋಡಿದಳು, ಆಮೇಲೆ ಸುಮಿತ್ರಾಬಾಯಿಯನ್ನು. ಆ ನೋಟ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರೇಮಲಾ ಮೊಸರು ಕೊಡದೆ ವಾಪಸು ಒಯ್ದುಬಿಟ್ಟಳು.

ಮಧ್ಯಾಹ್ನವೇ ಬಸವಕಿರಣ ಅಂಗಡಿ ಬಿಟ್ಟು ಬಂದ. ಯಾರು ಫೋನು ಮಾಡಿದ್ದರೆಂದು ಸುಮಿತ್ರಾಬಾಯಿಗೆ ಗೊತ್ತಿತ್ತು. ಬೈಗುಳಕ್ಕೆ ಸಿದ್ಧಳಾಗಿ ಗೋಡೆಗೆ ಒರಗಿ ಕುಳಿತಿದ್ದಳು. ಬಸವಕಿರಣ ಅಪ್ಪನ ಕೈ ನೋಡಿದ, ಗುರುತೇನೂ ಬಿದ್ದಿರಲಿಲ್ಲ. ತಾಯಿಯ ಹಣೆ ಮುಟ್ಟಿ ನೋಡಿದ. ಆಮೇಲೆ ಆಕೆಯ ಎದುರಿಗೆ ನೆಲದ ಮೇಲೆ ಕುಳಿತು, "ಏನಾತವ್ವಾ? ನಂಗ ಹೇಳು," ಎಂದ.

ಆಕೆ ಹೇಳಿದಳು. ರೈಲ್ವೆ ಗೇಟು, ಲಾರಿ, ಸ್ನಾನದ ಮನೆಯ ಬಾಗಿಲು, ತಾನು ಯಾರಿಗೂ ಹೇಳದೆ ನುಂಗಿಕೊಂಡಿದ್ದ ಎಷ್ಟೋ ಬೆಳಗುಗಳು. ಅರ್ಧ ಗಂಟೆ ಹೇಳಿದಳು. ಮಗ ನಡುವೆ ಬಾಯಿ ಹಾಕಲಿಲ್ಲ. ಹೇಳಿ ಮುಗಿದ ಮೇಲೆ ಸೆರಗು ಮುಖಕ್ಕೆ ಹಚ್ಚಿಕೊಂಡು ಅಳತೊಡಗಿದಳು. ತನ್ನ ಕಷ್ಟಕ್ಕೆ ಅಳುತ್ತಿದ್ದಾಳೆಂದು ಬಸವಕಿರಣ ತಿಳಿದ. ಆಕೆಗೆ ಕಾಣುತ್ತಿದ್ದದ್ದು ಮಾತ್ರ ಕೆಸರು ಮೆತ್ತಿದ ಸೀರೆಯಲ್ಲಿ ಅಂಗನವಾಡಿಯ ಬಾಗಿಲಿಗೆ ಓಡಿ ಬಂದು ನಿಂತ ಒಬ್ಬ ಹೆಂಗಸು. ಈ ಅರ್ಧ ಗಂಟೆಯನ್ನು ಆ ಹೆಂಗಸಿಗೆ ಯಾರೂ ಕೊಟ್ಟಿರಲಿಲ್ಲ.

ಜ್ವರ ಬಿಟ್ಟ ಮೇಲೆ ಒಂದು ಭಾನುವಾರ, ಮಗ ಮನೆಯಲ್ಲಿದ್ದ ದಿನ, ಸುಮಿತ್ರಾಬಾಯಿ ನಾರಾಯಣಖೇಡಕ್ಕೆ ಹೋಗಿ, ಅಲ್ಲಿಂದ ಮನೂರು ದಾಟಿ ತನ್ನ ಹಳೆಯ ಊರಿಗೆ ಬಂದಳು. ಅಮೃತಬಾಯಿ ಕುರಿಹಟ್ಟಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನೋಡಿದವಳು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಕೂಡ್ರಿ ಟೀಚರಮ್ಮ. ಶಿರೀಷಾ ಇಲ್ಲ, ನಾರಾಯಣಖೇಡದ ಹಾಸ್ಟೆಲಿನ್ಯಾಗ ಇದ್ದು ಹತ್ತನೇದು ಓದ್ಲಾಕತ್ತಾಳ."

"ನಾ ನಿನ್ನ ಹತ್ರಾನೇ ಬಂದೀನಿ ಅಮೃತಾ. ಆವತ್ತ ನೀ ಏನೋ ಹೇಳಾಕ ಬಂದಿದ್ದಿ. ನಾ ಬಿಡ್ಲಿಲ್ಲ. ಈಗ ಹೇಳ್ತೀಯೇನ?"

ಅಮೃತಬಾಯಿ ಹಟ್ಟಿಯ ಮೂಲೆಯವರೆಗೂ ಗುಡಿಸಿ ಮುಗಿಸಿದಳು. ಆಮೇಲೆ ಕಸಬರಿಗೆ ಗೋಡೆಗೆ ಆನಿಸಿ, ಕೈ ತೊಳೆದುಕೊಂಡು ಬಂದು ಕುಳಿತಳು.

"ಕಟ್ಟು ಅಂತ ಹೇಳಿದಾಕಿನೇ ಅತ್ತಿ," ಎಂದಳು.

ಆ ವರ್ಷ ಮಳೆ ಶುರುವಾದಾಗ, ಪೀರಪ್ಪ ಬೀದರ ಕಡೆ ಹೋದ ಮೇಲೆ, ಭೂದೇವಿ ಕುರಿ ಹುಡುಕಿಕೊಂಡು ಮಾಂಜ್ರಾ ಹೊಳೆಗೆ ಇಳಿದಿದ್ದಳಂತೆ. ಎದೆಮಟ್ಟ ನೀರಿನಲ್ಲಿದ್ದವಳನ್ನು ಮೀನು ಹಿಡಿಯುವವರು ನೋಡಿ ಎಳೆದು ತಂದಿದ್ದರು. ಸಂಜೆ ತಲೆ ತಿಳಿಯಾದಾಗ ಮುದುಕಿಗೆ ಎಲ್ಲವೂ ನೆನಪಾಗಿತ್ತು. ತನ್ನ ಸೀರೆಯನ್ನು ತಾನೇ ಹರಿದು ಸೊಸೆಯ ಕೈಗೆ ಕೊಟ್ಟಿದ್ದಳು.

"'ನೀ ಹೊಲಕ್ಕ ಹೋಗುವಾಗ ನನ್ನ ಕಟ್ಟಿ ಹೋಗವ್ವಾ. ನಾ ಬ್ಯಾಡ ಅಂದ್ರೂ ಕಟ್ಟು, ಬೈದ್ರೂ ಕಟ್ಟು. ನೀರಾಗ ಸಾಯೋದು ನಂಗ ಅಂಜಿಕಿ,' ಅಂದ್ಳು. ಬರೇ ಚಿಲಕ ಹಾಕಿದ್ರ ಕದಾ ಅಲ್ಲಾಡಿಸಿ ತಗದುಕೊಂಡು ಹೋಗತಿದ್ಳು. ದಿನಾ ಮಧ್ಯಾಹ್ನ ಓಡಿ ಬಂದು ಬಿಚ್ಚಿ, ಉಣಿಸಿ, ಸೀರಿ ಬದ್ಲಿ ಮಾಡಿ ಹೋಗತಿದ್ದೆರಿ. ಆವತ್ತ ಹೊಲ ದೂರ ಇತ್ತು, ತಡ ಆತು."

ನೀರಾಗ ಸಾಯೋದು ಎಂಬ ಮಾತಿಗೆ ಸುಮಿತ್ರಾಬಾಯಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕುರಿಮರಿಯೊಂದು ಬಂದು ಆಕೆಯ ಚೀಲದ ಹಿಡಿಕೆ ಕಚ್ಚುತ್ತಿತ್ತು, ಓಡಿಸುವ ಖಬರೂ ಆಕೆಗಿರಲಿಲ್ಲ.

"ಪಂಚಾಯತ್ಯಾಗರ ಹೇಳ್ಬೇಕಿತ್ತಲ್ಲ ಅಮೃತಾ."

"ಹೇಳಬಹುದಿತ್ತು." ಅಮೃತಬಾಯಿ ಹಟ್ಟಿಯ ಕಡೆ ನೋಡುತ್ತ ಅಂದಳು. "ಖರೆ ಹೇಳ್ತೀನ್ರಿ, ಇದನ್ನ ಯಾರ ಮುಂದೂ ಅಂದಿಲ್ಲ. ದಿನಾ ಕಟ್ಟುವಾಗ ನನ್ನ ಹೊಟ್ಟ್ಯಾಗ ಬೆಂಕಿ ಬೀಳತಿತ್ತು. ನೀವು ಬಿಚ್ಚಿದ್ರಿ, ಬೀರಮ್ಮ ಒಯ್ತೀನಿ ಅಂದ್ಳು. ಆವಾಗ ಒಂದ್ ಘಳಿಗಿ ನಂಗ ಹಗೂರ ಅನಸ್ತು. ಇನ್ನ ಈ ಕೈಲೆ ಕಟ್ಟೋದು ತಪ್ಪತು ಅಂತ. ಅದಕ್ಕ ಸುಮ್ಮ ನಿಂತೆ. ನೀವು ನಂಗ ಮಾತಾಡಾಕ ಬಿಡ್ಲಿಲ್ಲ ಅಂತ ಊರ ಮ್ಯಾಲ ಸಿಟ್ಟು ಮಾಡಿಕೊಂಡು ಕುಂತೀನಿ. ಆದ್ರ ಬಸ್ಸಿನ್ಯಾಗಿಂದ ಅತ್ತಿ ಕರದಾಗ ಹತ್ರ ಹೋಗಲಿಲ್ಲಲ್ಲ, ಅದು ನಿಮ್ಮ ತಪ್ಪಲ್ರಿ, ನಂದು."

ಸುಮಿತ್ರಾಬಾಯಿ ಕೈ ಮುಗಿದಳು. "ನಂಗ ಮಾಫ್ ಮಾಡವ್ವಾ."

"ನಾ ಮಾಡಿದ್ರ ಏನ್ ಆಗತದ್ರೀ," ಎಂದಳು ಅಮೃತಬಾಯಿ. ಆ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. "ಬೀರಮ್ಮ ಒಂಬತ್ತ ವರ್ಷ ಆತು, ತವರಿಗೆ ಕಾಲಿಟ್ಟಿಲ್ಲ. ಅವ್ವನ್ನ ಕೊಂದಾಕಿ ಅಂತ ಊರು ಅಂತದಂತ. ಅದನ್ನ ಮೊದಲು ಅಂದವರು ಯಾರೋ ನಂಗ ಗೊತ್ತಿಲ್ಲ."

ಯಾರೆಂದು ಸುಮಿತ್ರಾಬಾಯಿಗೆ ಗೊತ್ತಿತ್ತು.

ಮುಂದಿನ ವಾರ ಮಗನ ಜೊತೆ ತಾಂಡೂರಿಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಕರಣಕೋಟಕ್ಕೆ ಬಂದಳು. ಬೀರಮ್ಮ ಎರಡು ಕೋಣೆಯ ಮನೆಯ ಮುಂದೆ ತೊಗರಿ ಹಸನು ಮಾಡುತ್ತಿದ್ದಳು. ಬಂದವಳು ಯಾರೆಂದು ತಿಳಿದಾಗ ಮುಖ ಬಿಗಿಯಿತು. ಆದರೂ ಎದ್ದು ನೀರು ತಂದುಕೊಟ್ಟಳು. ಸುಮಿತ್ರಾಬಾಯಿ ಅಮೃತಬಾಯಿ ಹೇಳಿದ್ದನ್ನೆಲ್ಲ ಹೇಳಿದಳು, ತಾನು ಊರಲ್ಲಿ ಆಡಿದ್ದನ್ನೂ ಮುಚ್ಚಿಡಲಿಲ್ಲ. ಬೀರಮ್ಮ ಮೊರ ಹಿಡಿದುಕೊಂಡೇ ಕೇಳಿದಳು.

"ದಿನಾ ಮಧ್ಯಾಹ್ನ ಬಂದು ಬಿಚ್ಚತಿದ್ಳೇನ್ರಿ?" ಎಂದು ಕೊನೆಗೆ ಕೇಳಿದಳು.

"ಹೌದು."

"ಇಲ್ಲಿ ಅವ್ವ ಬಂದ ದಿನದಿಂದ್ಲೂ ತನ್ನ ಕಾಲು ತೋರಿಸಿ 'ಕಟ್ಟು, ಕಟ್ಟು' ಅಂತಿದ್ಳು. ಅಕಿ ಅಷ್ಟು ಹಿಂಸಿ ಕೊಟ್ಟಾಳ, ಅದೇ ಚಟ ಆಗ್ಯದ ಅಂತ ನಾ ಅತ್ತಿದ್ದೆ." ಬೀರಮ್ಮನ ಕೈಯಲ್ಲಿನ ಮೊರ ವಾಲಿ ತೊಗರಿ ನೆಲಕ್ಕೆ ಚೆಲ್ಲಿತು. "ನಂಗೊಂದ್ ಮಾತ್ ಯಾರರ ಹೇಳಿದ್ರ..."

ಬಸವಕಿರಣ ತಲೆ ತಗ್ಗಿಸಿ ಅಂಗಳದ ಆಚೆ ಹೋಗಿ ನಿಂತ. ಸುಮಿತ್ರಾಬಾಯಿ ಮೊಣಕಾಲು ನೋವಿನಲ್ಲೇ ನೆಲಕ್ಕೆ ಕುಳಿತು, ಚೆಲ್ಲಿದ ತೊಗರಿಯನ್ನು ಬೀರಮ್ಮನ ಜೊತೆ ಒಂದೊಂದಾಗಿ ಆರಿಸಿದಳು. ಹೊರಡುವಾಗ ಬೀರಮ್ಮ ಅಮೃತಬಾಯಿಯ ನಂಬರು ಬರೆಸಿಕೊಂಡಳು. ಮಾತಾಡಿಸಿದಳೋ ಇಲ್ಲವೋ ಸುಮಿತ್ರಾಬಾಯಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಹಕ್ಕು ತನಗಿದೆ ಎಂದೂ ಆಕೆಗೆ ಅನಿಸಲಿಲ್ಲ.

ವೈಜಿನಾಥನನ್ನು ಆಕೆ ಮತ್ತೆ ಕಟ್ಟಲಿಲ್ಲ. ಮನೆಗೆಲಸಕ್ಕೆ ಮಗ ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಬೆಳಿಗ್ಗೆ ಹತ್ತಕ್ಕೆ ಗಂಡ ಬಿಳಿ ಅಂಗಿ ಹಾಕಿಕೊಂಡು ಹೊರಟರೆ ಸುಮಿತ್ರಾಬಾಯಿ ಕೋಲು ಹಿಡಿದು ಹತ್ತು ಹೆಜ್ಜೆ ಹಿಂದೆ ಹೊರಡುತ್ತಿದ್ದಳು. ಹೆದ್ದಾರಿಯ ಹತ್ತಿರ ಬಂದಾಗ ಮಾತ್ರ ಮುಂದೆ ಹೋಗಿ ಕೈಹಿಡಿಯುತ್ತಿದ್ದಳು. ಆತ ದಣಿಯುವವರೆಗೆ ನಡೆಯುವುದು, ದಣಿದ ಮೇಲೆ ಎಲ್ಲಿಯಾದರೂ ಕಟ್ಟೆಯ ಮೇಲೆ ಕೂಡುವುದು, ಆಟೊ ಮಾಡಿಕೊಂಡು ಮರಳುವುದು. ಓಣಿಯ ಜನ ಆಕೆಯನ್ನು ಹೊಗಳತೊಡಗಿದರು. ಪ್ರೇಮಲಾ ಕೂಡ ಒಂದು ದಿನ ಮೊಸರು ತಂದು, "ನಿಮ್ಮಂಗ ಯಾರು ನೋಡಿಕೊಳ್ಳತಾರ್ರೀ ಅಕ್ಕಾ," ಎಂದಳು.

"ಹಂಗ ಅನಬ್ಯಾಡವ್ವಾ," ಎಂದಳು ಸುಮಿತ್ರಾಬಾಯಿ. "ನಾ ಕೂಲಿಗೆ ಹೋಗ್ಬೇಕಾಗಿಲ್ಲ, ಅದಕ್ಕ ಹಿಂದ ನಡೀತೀನಿ. ಹೋಗೋದಿದ್ರ ಏನ್ ಮಾಡ್ತಿದ್ದೆನೋ ನಂಗ ಗೊತ್ತಿಲ್ಲ."

ವೈಜಿನಾಥ ಅಷ್ಟರಲ್ಲಿ ಗೇಟಿನ ಹತ್ತಿರ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದ. ಆಕೆ ಮೊಸರಿನ ಪಾತ್ರೆ ಒಳಗಿಟ್ಟು, ಕೋಲು ತೆಗೆದುಕೊಂಡು ಇಳಿದುಬಂದಳು.